ಎಷ್ಟು ಒರಳು ಮಳೆ

ನನಗೆ ಆಗ ಎಪ್ಪತ್ತೊಂದು. ನಾಲ್ಕು ವರ್ಷದ ಹಿಂದಿನ ಮಾತು. ಹುಬ್ಬೆ ಮಳೆ ಒಂದು ಸಂಜೆ ಸುರಿದು ನಮ್ಮ ಹಿಟ್ಟಿನ ಮಿಲ್ಲಿಗೆ ನೀರು ನುಗ್ಗಿತು. ಮೋಟಾರಿನ ಕಾಲು ಮುಳುಗಿತು, ಬೆಲ್ಟು ನೆನೆಯಿತು. ಬೀಸಲು ಇಟ್ಟು ಹೋಗಿದ್ದ ಯಾರದೋ ಎರಡು ಡಬ್ಬ ರಾಗಿ ನೀರು ಕುಡಿದು ಊದಿಕೊಂಡಿತು.

ನಮ್ಮ ಮನೆ ಉಲ್ಲಾಳದ ಹಳೇ ಊರೊಳಗೆ. ಮುಂದೆ ಮಿಲ್ಲು, ಹಿಂದೆ ವಾಸ, ನಡುವೆ ಅಂಗಳ. ಮಿಲ್ಲು ಹಾಕಿದವರು ನನ್ನ ಗಂಡ. ಅವರು ಹೋದಮೇಲೆ ನಾನು ನಡೆಸಿದೆ. ನನ್ನ ಮೊಣಕಾಲು ಹೋದಮೇಲೆ ಮಗಳು ನಡೆಸುತ್ತಿದ್ದಾಳೆ. ಅವಳು ಗಂಡನ ಮನೆ ಬಿಟ್ಟು ಬಂದವಳು. ಯಾಕೆ ಬಿಟ್ಟು ಬಂದಳು ಎಂದು ಕೇಳಿದವರಿಗೆ ನಾನು ಅವತ್ತು ರಾಗಿ ಬೀಸಿಕೊಡಲಿಲ್ಲ. ಆಮೇಲೆ ಯಾರೂ ಕೇಳಲಿಲ್ಲ.

ನೀರು ಬಂದ ಮಾರನೇ ದಿನ ಮಗಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೆಸರು ಬಳಿಯುತ್ತಾ ಒಂದೇ ಮಾತು ಹಿಡಿದಳು. ಮೋಟಾರು, ಕಲ್ಲು, ಎಲ್ಲವನ್ನೂ ಬಿಚ್ಚಿ ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲೆ ಕೂರಿಸಬೇಕು. ಚಿತ್ತೆ ಮಳೆ, ಸ್ವಾತಿ ಮಳೆ ಇನ್ನೂ ಮುಂದಿವೆ, ಅಷ್ಟರೊಳಗೆ ಆಗಬೇಕು.

ನಾನು ಬೇಡ ಎಂದೆ. ಕಟ್ಟೆ ಕಟ್ಟಿದರೆ ಕಾಳು ಸುರಿಯುವ ಮಿಲ್ಲಿನ ಬಾಯಿ ಮೇಲಕ್ಕೆ ಹೋಗುತ್ತದೆ. ಬಾಯಿ ಮೇಲಕ್ಕೆ ಹೋದರೆ ಚಾವಣಿಯ ಶೀಟು ತಗುಲುತ್ತದೆ, ಶೀಟೂ ತೆಗೆಸಬೇಕು. ಗಾರೆ ಒಣಗಬೇಕು, ಮೋಟಾರು ಕೂರಿಸುವವನು ಸಿಗಬೇಕು. ಅಂದರೆ ಪಿತೃಪಕ್ಷ, ದಸರಾ, ದೀಪಾವಳಿ ಎಲ್ಲ ಮಿಲ್ಲು ಮುಚ್ಚಿರಬೇಕು. ವರ್ಷದಲ್ಲಿ ಜನ ನಮ್ಮ ಬಾಗಿಲಿಗೆ ಬರುವುದೇ ಆ ದಿನಗಳಲ್ಲಿ. ಒಂದು ಹಬ್ಬಕ್ಕೆ ಪ್ಯಾಕೆಟ್ ಹಿಟ್ಟು ತಂದವರು ಮುಂದಿನ ಹಬ್ಬಕ್ಕೂ ಪ್ಯಾಕೆಟ್ಟೇ ತರುತ್ತಾರೆ. ಹಳೇ ಊರಿನ ನಾಲ್ಕು ಮನೆ ಬಿಟ್ಟರೆ ಯಾರೂ ವಾಪಸ್ ಬರುವುದಿಲ್ಲ.

ಅವಳು ಬಕೆಟ್ಟು ಕೆಳಗಿಟ್ಟು ನನ್ನ ಮುಂದೆ ನಿಂತಳು.

"ಇನ್ನೊಂದ್ ಸಲ ಈ ಮೋಟಾರಿಗೆ ನೀರು ಬಂದ್ರೆ ನಾನು ಮಿಲ್ ಬಿಡ್ತೀನಿ ಕಣಮ್ಮ. ಗಾರ್ಮೆಂಟ್ಸ್‌ಗೆ ಹೋಗ್ತೀನಿ. ಬಸ್ಸು ಮನೆ ಮುಂದೆನೇ ನಿಲ್ಲುತ್ತೆ."

ಸುಮ್ಮನೆ ಹೆದರಿಸುವವಳಲ್ಲ ಅವಳು. ಗಂಡನ ಮನೆಯನ್ನೂ ಹೀಗೇ ಒಂದು ಸಲ ಹೇಳಿ ಬಿಟ್ಟವಳು. ಆದರೂ ನಾನು ಬಗ್ಗಲಿಲ್ಲ. ಮಿಲ್ಲು ನನ್ನ ಹೆಸರಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ಮಳೆ ವಿಷಯದಲ್ಲಿ ನಮ್ಮ ಬೀದಿಯಲ್ಲಿ ನನ್ನ ಮಾತೇ ಕೊನೆಯ ಮಾತು. ಅದು ಯಾಕೆ ಎಂದು ಹೇಳುತ್ತೇನೆ.

ನಮ್ಮ ಅಂಗಳದ ನಡುವೆ ಒಂದು ರುಬ್ಬುವ ಒರಳು ಇದೆ. ನಮ್ಮ ಅತ್ತೆಯ ಅತ್ತೆ ತಂದು ಹಾಕಿಸಿದ್ದಂತೆ. ನೆಲಕ್ಕೆ ಅರ್ಧ ಹೂತ ಕಲ್ಲು. ಮೇಲೆ ಮರವಿಲ್ಲ, ಸೂರಿಲ್ಲ, ಬರೀ ಆಕಾಶ. ನಾನು ಮದುವೆಯಾಗಿ ಬಂದಾಗ ಅತ್ತೆ ರಾತ್ರಿ ಗುಂಡುಕಲ್ಲು ತೆಗೆದು ಪಕ್ಕಕ್ಕಿಡುತ್ತಿದ್ದರು. ಮಳೆ ಬಂದರೆ ಬೆಳಗ್ಗೆ ಎದ್ದು ಮೊದಲು ಒರಳು ನೋಡುತ್ತಿದ್ದರು. ತಳನೀರು, ಅರೆಒರಳು, ಮುಕ್ಕಾಲೊರಳು, ತುಂಬೊರಳು, ಚೆಲ್ಲೊರಳು. ಮಳೆಗೆ ಅವರ ಲೆಕ್ಕ ಇಷ್ಟೇ. ಬೀದಿಯವರು ಗೋಡೆಯಾಚೆಯಿಂದ "ಎಷ್ಟೊರಳು?" ಎಂದು ಕೂಗುತ್ತಿದ್ದರು. ಅತ್ತೆ ಹೇಳಿದ ಮೇಲೆ ಗಂಡಸರು ನೇಗಿಲು ಎತ್ತಬೇಕೋ ಬೇಡವೋ ತೀರ್ಮಾನ ಮಾಡುತ್ತಿದ್ದರು. ನೋಡಿದ ಮೇಲೆ ಒರಳು ಬರಿದು ಮಾಡಿ ಒರೆಸಿಬಿಡಬೇಕು, ಇಲ್ಲದಿದ್ದರೆ ನಾಳೆಯ ಮಳೆ ಇವತ್ತಿನದರ ಜತೆ ಸೇರಿ ಸುಳ್ಳು ಹೇಳುತ್ತದೆ. ಒರೆಸುವ ಕೆಲಸ ನನ್ನದಾಗಿತ್ತು. ಅತ್ತೆ ಹೋದಮೇಲೆ ನೋಡುವುದು, ಹೇಳುವುದು, ಒರೆಸುವುದು ಮೂರೂ ನನ್ನ ಪಾಲಿಗೆ ಬಂತು. ಹೊಲಗಳು ಸೈಟಾದವು, ನೇಗಿಲು ಹೋದವು. ಆದರೂ ಜೋರು ಮಳೆಯಾದ ಬೆಳಗ್ಗೆ ಹಾಲಿನವನಿಂದ ಹಿಡಿದು ಎಲ್ಲರೂ ಕೇಳುತ್ತಾರೆ. ಕೆಲವರು ತಮಾಷೆಗೆ ಕೇಳುತ್ತಾರೆ, ಅದು ನನಗೆ ಗೊತ್ತು. ನಾನು ತಮಾಷೆಗೆ ಹೇಳುವುದಿಲ್ಲ.

ಆ ಒರಳು ನನಗೆ ಹೇಳಿದ್ದು ಸ್ಪಷ್ಟವಾಗಿತ್ತು. ಅತ್ತೆಯ ಕಾಲದಲ್ಲಿ ಹುಬ್ಬೆ, ಹಸ್ತ, ಸ್ವಾತಿ ಯಾವುದರಲ್ಲಾದರೂ ಒಂದು ಚೆಲ್ಲೊರಳು ಮಳೆ ಆಗಲೇಬೇಕು. ನನ್ನ ದೊಡ್ಡ ನಾದಿನಿಯ ಮದುವೆ ಚೆಲ್ಲೊರಳು ಮಳೆಯಲ್ಲಿ ಆಯಿತು, ಚಪ್ಪರ ಕುಸಿಯಿತು. ನನ್ನ ಮಗಳು ಹುಟ್ಟಿದ್ದು ಚೆಲ್ಲೊರಳು ಮಳೆಯ ಬೆಳಗ್ಗೆ. ಈಚೆಗೆ ಒರಳು ಚೆಲ್ಲಿದ್ದನ್ನು ನಾನು ನೋಡಿಯೇ ಇಲ್ಲ. ಮಿಲ್ಲಿಗೆ ನೀರು ನುಗ್ಗಿದ ಆ ಸಂಜೆಯ ಮಳೆಗೂ ಒರಳಿನ ನೀರು ಬಾಯಿಗಿಂತ ನಾಲ್ಕು ಬೆರಳು ಕೆಳಗೇ ನಿಂತಿತ್ತು.

ಹಾಗಾಗಿ ನನ್ನ ಲೆಕ್ಕ ಹೀಗಿತ್ತು. ಮಳೆ ಕಡಿಮೆಯಾಗಿದೆ. ನೀರು ಬಂದದ್ದು ಮಳೆಯಿಂದಲ್ಲ, ಮೋರಿಯಿಂದ. ಮೇಲೆ ಲೇಔಟು ಮಾಡಿದವರು ಹಳ್ಳವನ್ನು ಮೋರಿ ಮಾಡಿದರು, ಮೋರಿಯನ್ನು ಚರಂಡಿ ಮಾಡಿದರು, ಚರಂಡಿಯ ಮೇಲೆ ಕಲ್ಲು ಚಪ್ಪಡಿ ಹಾಕಿ ಕಾರು ನಿಲ್ಲಿಸಿದರು. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ನಮ್ಮ ಹೊಸಿಲನ್ನು ತಗ್ಗು ಮಾಡಿದರು. ಮೋರಿ ಹೂಳು ತೆಗೆಸಿದರೆ ಸಾಕು. ಮಿಲ್ಲು ಎತ್ತುವುದು ಬೇಕಿಲ್ಲ.

ಹೂಳು ತೆಗೆಸಿದೆ ಕೂಡ. ನಮ್ಮ ಬೀದಿಯ ಐದಾರು ಮನೆಯವರನ್ನು ಬೈದು ಎಬ್ಬಿಸಿ, ಸನಿಕೆ ಕೊಟ್ಟು, ಒಂದು ಭಾನುವಾರ ನಿಂತು ತೆಗೆಸಿದೆ. ಮಿಲ್ಲು ಒಣಗಿ ಮತ್ತೆ ತಿರುಗಿತು. ಮಗಳು ಬಾಯಿ ಬಿಗಿದುಕೊಂಡು ರಾಗಿ ಬೀಸುತ್ತಿದ್ದಳು.

ಆಗ ಬಂದವರು ಜೋಳದ ಮೇಡಂ. ಮೇಲಿನ ಲೇಔಟಿನಲ್ಲಿ ಅವರ ಮನೆ. ದಾವಣಗೆರೆ ಕಡೆಯವರು, ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಜೋಳ ಬೀಸಿಸಲು ಬೆಳಗ್ಗೆ ಮಿಲ್ಲು ಶುರುವಾಗುವ ಹೊತ್ತಿಗೇ ಬರುತ್ತಾರೆ. ರಾಗಿ ಬೀಸಿದ ಮೇಲೆ ಜೋಳ ಹಾಕಿದರೆ ರೊಟ್ಟಿ ಕಪ್ಪಗಾಗುತ್ತದೆ ಎಂದು ಅವರ ತಕರಾರು. ಈ ಕಡೆಯ ಹಳೇ ಮಳೆಯ ಅಂಕಿಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ಜೋಡಿಸಿ ಮಳೆ ಬದಲಾಗಿದೆಯೇ ಎಂದು ನೋಡುವುದು ಅವರ ಇನ್ನೊಂದು ಕೆಲಸ. ತಮ್ಮ ಮನೆಯ ಟೆರೇಸಿನ ಮೇಲೂ ಮಳೆ ಅಳೆಯುವ ಕೊಳವೆ ಇಟ್ಟಿದ್ದಾರೆ.

ಮಗಳು ಬೇಕೆಂದೇ ನನ್ನ ಕಿವಿಗೆ ಬೀಳುವಂತೆ ಅವರನ್ನು ಕೇಳಿದಳು, ಮಳೆ ಜಾಸ್ತಿಯಾಗಿದೆಯೋ ಕಡಿಮೆಯಾಗಿದೆಯೋ ಎಂದು.

ಮೇಡಂ ಸುಮ್ಮನೆ ಬಾಯಿಗೆ ಬಂದದ್ದು ಹೇಳುವವರಲ್ಲ. ವರ್ಷದ ಒಟ್ಟು ಮಳೆಯ ಬಗ್ಗೆ ತಾನು ಗಟ್ಟಿಯಾಗಿ ಏನೂ ಹೇಳುವುದಿಲ್ಲ, ಅದು ಒಂದು ವರ್ಷ ಏರುತ್ತದೆ ಒಂದು ವರ್ಷ ಇಳಿಯುತ್ತದೆ ಎಂದರು. ಆದರೆ ಹದಿನೈದು ದಿನ ಹಂಚಿಕೊಂಡು ಬೀಳುತ್ತಿದ್ದದ್ದು ಈಗ ಒಂದೇ ಸಂಜೆ ಬಂದು ಬೀಳುವುದು ಹೆಚ್ಚಾಗುತ್ತಿದೆ, ಅಂಕಿಗಳಲ್ಲಿ ಅದು ಕಾಣುತ್ತದೆ, ಆ ಟ್ರೆಂಡು ಇದೆ ಎಂದರು.

ಟ್ರೆಂಡು ಎಂಬುದು ವಿಜಯನಗರದ ಸೀರೆ ಅಂಗಡಿಯವರು ಹೇಳುವ ಮಾತು ಎಂದು ನಾನು ತಿಳಿದಿದ್ದೆ. ಹಾಗೇ ಹೇಳಿದೆ. ಅವರು ನಕ್ಕು, ಅದೇ ಮಾತು ಅಜ್ಜಿ, ಒಬ್ಬಳು ಉಟ್ಟರೆ ಟ್ರೆಂಡಲ್ಲ, ಬೀದಿಯೆಲ್ಲ ಉಡೋಕೆ ಶುರು ಮಾಡಿದರೆ ಟ್ರೆಂಡು ಎಂದರು.

ಅದು ನನಗೆ ಅರ್ಥವಾಯಿತು. ಅರ್ಥವಾಗದೇ ಇರಲು ನಾನೇನು ದಡ್ಡಿಯಲ್ಲ. ಮಿಲ್ಲಿನಲ್ಲಿ ಹಿಟ್ಟು ಬಿಸಿಯಾಗಿ ಬಂದರೆ ನಾವು ಆ ದಿನವೇ ಕಲ್ಲು ಸವೆದಿದೆ ಎನ್ನುವುದಿಲ್ಲ. ಯಾರೋ ಹಸಿ ರಾಗಿ ತಂದಿರಬಹುದು. ಬಿಸಿಲು ಹೆಚ್ಚಿರಬಹುದು. ವಾರಗಟ್ಟಲೆ, ಯಾರ ರಾಗಿ ಹಾಕಿದರೂ ಬಿಸಿಯಾಗಿ ಬಂದರೆ ಆಗ ಕಲ್ಲಿನ ಕಡೆ ನೋಡುತ್ತೇವೆ. ಮೇಡಂಗೆ ಇದನ್ನು ಹೇಳಿದೆ. ತಾನು ಮಾಡುವುದು ಅದನ್ನೇ ಎಂದು ಅವರು ಒಪ್ಪಿದರು.

"ಹಂಗಾದ್ರೆ ಬನ್ನಿ ಈ ಕಡೆ," ಎಂದು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಒರಳು ತೋರಿಸಿದೆ. ಅತ್ತೆಯ ಲೆಕ್ಕ, ನನ್ನ ಲೆಕ್ಕ, ನಾದಿನಿಯ ಮದುವೆ, ಮಗಳ ಹುಟ್ಟು ಎಲ್ಲ ಹೇಳಿದೆ. ಆಗ ಚೆಲ್ಲುತ್ತಿತ್ತು, ಈಗ ಚೆಲ್ಲುವುದಿಲ್ಲ. ಇದು ಒಂದು ದಿನದ ಮಾತಲ್ಲ, ಒಬ್ಬಳು ಉಟ್ಟ ಸೀರೆಯಲ್ಲ. ಮದುವೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೆ ನಾನು ಬಗ್ಗಿ ನೋಡಿದ್ದೇನೆ. ನಿಮ್ಮ ಅಂಕಿ ಹೆಚ್ಚಾಗಿದೆ ಅನ್ನುತ್ತದೆ, ನನ್ನ ಕಲ್ಲು ಕಡಿಮೆಯಾಗಿದೆ ಅನ್ನುತ್ತದೆ. ಕಲ್ಲಿಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ.

ಅವರು ನಗಲಿಲ್ಲ. ಒರಳಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ತುಂಬಾ ಹೊತ್ತು ನೋಡಿದರು. ಆಮೇಲೆ ಒಂದೊಂದಾಗಿ ಕೇಳಿದರು. ಈ ಕಲ್ಲನ್ನು ಎಂದಾದರೂ ಜಾಗ ಬದಲಾಯಿಸಿದ್ದೀರಾ? ಇಲ್ಲ. ಪಕ್ಕದಲ್ಲಿ ಮರ ಬೆಳೆದಿತ್ತಾ, ಕಡಿದರಾ? ಇಲ್ಲ. ಸೂರಿನ ನೀರು ಇದರೊಳಗೆ ಬೀಳುತ್ತದೆಯಾ? ಇಲ್ಲ, ಹಾಗೆ ಬೀಳುವಂತಿದ್ದರೆ ಅತ್ತೆ ಸೂರೇ ಕಡಿಸುತ್ತಿದ್ದರು. ಬೇರೆ ಕಲ್ಲು ತಂದಿದ್ದೀರಾ? ಇಲ್ಲ.

ಹಳೇ ಅಂಕಿ ನಂಬುವ ಮೊದಲು ಅವರು ಇದನ್ನೆಲ್ಲ ಕೇಳಲೇಬೇಕಂತೆ. ಅವರಿಗೆ ಸಿಕ್ಕಿದ ಒಂದು ಕಡೆಯ ಅಂಕಿಗಳಲ್ಲಿ ಮಳೆ ಇದ್ದಕ್ಕಿದ್ದಂತೆ ಕಡಿಮೆಯಾಗಿತ್ತಂತೆ. ವಿಚಾರಿಸಿದರೆ ಮಳೆ ಕಡಿಮೆಯಾಗಿರಲಿಲ್ಲ, ಕೊಳವೆಯನ್ನು ಬಯಲಿನಿಂದ ತೆಗೆದು ಕಟ್ಟಡದ ಪಕ್ಕ ಇಟ್ಟಿದ್ದರಂತೆ. ಗೋಡೆ ಮಳೆಗೆ ಅಡ್ಡ ಬಂದಿತ್ತು.

"ನಿಮ್ಮ ಕಲ್ಲು ಅಲ್ಲಾಡಿಲ್ಲ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ ಅಜ್ಜಿ," ಎಂದರು. "ನನ್ನ ಕೊಳವೆನೇ ತಪ್ಪಿರಬಹುದು. ನಾನು ನೋಡ್ತೀನಿ."

ಹೀಗೆ ಹೇಳುವ ಓದಿದವರನ್ನು ನಾನು ಹೆಚ್ಚು ಕಂಡಿಲ್ಲ. ಗೆದ್ದ ಹುರುಪಿನಲ್ಲಿ ಅವರ ಜೋಳಕ್ಕೆ ಕಲ್ಲು ಸ್ವಲ್ಪ ಬಿಗಿ ಮಾಡಿಸಿ ನುಣ್ಣಗೆ ಬೀಸಿಸಿಕೊಟ್ಟೆ. ಮಗಳಿಗೆ ಕಟ್ಟೆಯ ಮಾತು ಇನ್ನು ಎತ್ತಬೇಡ ಎಂದೆ. ಅವಳು ಎತ್ತಲಿಲ್ಲ. ಒಂದು ಸಂಜೆ ಬಸ್ ಸ್ಟಾಪಿನ ಹತ್ತಿರ ಗಾರ್ಮೆಂಟ್ಸಿನ ಹೆಂಗಸೊಬ್ಬಳ ಜತೆ ನಿಂತು ಮಾತಾಡುತ್ತಿದ್ದದ್ದನ್ನು ನಾನು ಮಿಲ್ಲಿನ ಬಾಗಿಲಿನಿಂದ ನೋಡಿದೆ. ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ.

ಉತ್ತರೆ ಮಳೆ ಸದ್ದಿಲ್ಲದೆ ಹೋಯಿತು. ಎರಡು ದಿನ ಹನಿಯಿತು, ತಳನೀರು. ನನ್ನ ಮಾತು ಇನ್ನೂ ಗಟ್ಟಿಯಾಯಿತು. ಬೀದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ, ಮಳೆ ಎಲ್ಲಿದೆ, ಬರೀ ಮೋರಿ ಕೆಟ್ಟಿದೆ ಎಂದು.

ಪಿತೃಪಕ್ಷದಲ್ಲಿ ಕಲ್ಲು ಕುಟ್ಟುವವನು ಬಂದ. ಹಿಟ್ಟಿನ ಮಿಲ್ಲಿನ ಕಲ್ಲು ಬೀಸಿ ಬೀಸಿ ನುಣ್ಣಗಾಗುತ್ತದೆ. ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟು ಬಿಸಿಯಾಗುತ್ತದೆ. ಉಳಿಯಿಂದ ಸಣ್ಣ ಸಣ್ಣ ಏಟು ಕೊಟ್ಟು ಅದನ್ನು ಮತ್ತೆ ಒರಟು ಮಾಡಬೇಕು. ಅದಕ್ಕೆ ನಾವು ಮುಳ್ಳು ಹಾಕುವುದು ಎನ್ನುತ್ತೇವೆ. ಇವನ ಅಪ್ಪನೂ ನಮ್ಮ ಮಿಲ್ಲಿಗೆ ಮುಳ್ಳು ಹಾಕುತ್ತಿದ್ದ. ಮಿಲ್ಲು ಬರುವ ಮೊದಲು ಇವನ ತಾತ ಬೀದಿ ಬೀದಿ ಕೂಗಿಕೊಂಡು ಒರಳಿಗೆ ಮುಳ್ಳು ಹಾಕುತ್ತಿದ್ದ. ಇವನೂ ಈಗ ಮುದುಕನೇ, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಕುಟ್ಟುತ್ತಾನೆ.

ಮಿಲ್ಲಿನ ಮೇಲುಗಲ್ಲು ಎತ್ತಿ ಮಗುಚಿ ಹಾಕಿ, ಅಂಚಿಗೆ ಬೆರಳಿಟ್ಟು ಮಗಳಿಗೆ ತೋರಿಸಿದ. ಕಲ್ಲು ತೆಳ್ಳಗಾಗಿದೆ, ಮುಂದಿನ ವರ್ಷ ಹೊಸ ಕಲ್ಲು ಹಾಕಬೇಕು ಎಂದ. ನಾನು ಕುರ್ಚಿಯಲ್ಲಿ ಕುಳಿತಿದ್ದವಳು ಸುಮ್ಮನಿರಲಿಲ್ಲ. ನಮ್ಮ ಹೊಟ್ಟೆಗೆ ಹಿಟ್ಟು ಹೋಗುವುದಕ್ಕಿಂತ ನಿನ್ನ ಉಳಿಗೆ ಹೆಚ್ಚು ಕಲ್ಲು ಹೋಗಿದೆ ಎಂದೆ.

"ಏನ್ ಮಾಡೋದು ತಾಯಿ," ಎಂದ ಅವನು. "ಮುಳ್ಳು ಹಾಕೋದು ಅಂದ್ರೆ ಕಲ್ಲು ತಿನ್ನೋದೇ. ಒಂದೊಂದ್ ಏಟಿಗೂ ಒಂದ್ ಚೂರು ಹೋಗುತ್ತೆ."

ಮಿಲ್ಲಿನ ಕೆಲಸ ಮುಗಿದ ಮೇಲೆ ಪ್ರತಿ ಸಲದಂತೆ ನಾನು ಅವನಿಗೆ ಹೇಳಿದೆ, ಹಾಗೇ ಅಂಗಳದ ಒರಳಿಗೂ ನಾಲ್ಕು ಏಟು ಹಾಕಿ ಹೋಗು ಎಂದು. ಅದು ನಮ್ಮ ಮನೆಯ ಪದ್ಧತಿ. ಅತ್ತೆಯ ಕಾಲದಿಂದ ಅವರು ಬಂದಾಗಲೆಲ್ಲ ಮಿಲ್ಲಿನ ಕಲ್ಲಿನ ಜತೆ ಒರಳಿಗೂ ಮುಳ್ಳು ಹಾಕಿಸಿಕೊಳ್ಳುವುದು. ಬಿಟ್ಟಿ ಸಿಗುವುದನ್ನು ಯಾಕೆ ಬಿಡಬೇಕು. ಮಿಕ್ಸಿ ಬಂದಿದ್ದರೂ ಯುಗಾದಿಗೆ, ಗೌರಿಗೆ ಹೂರಣ ನಾನು ಒರಳಿನಲ್ಲೇ ರುಬ್ಬುತ್ತೇನೆ. ಮಿಕ್ಸಿಯ ಹೂರಣ ಅಂಟಿನಂತಿರುತ್ತದೆ.

ಅವನು ಉಳಿ ಹಿಡಿದು ಹೋದ. ಒರಳಿನೊಳಗೆ ಕೈ ಇಳಿಸಿದ. ಮೊಣಕೈಯವರೆಗೆ ಹೋಯಿತು. ಅಲ್ಲೇ ತಡವಿ ನೋಡಿ ತಲೆ ಎತ್ತಿದ.

"ತಾಯಿ, ಇನ್ನಿದಕ್ಕೆ ಮುಳ್ಳು ಹಾಕಲ್ಲ. ಇನ್ನೆರಡ್ ಸಲ ಕುಟ್ಟಿದ್ರೆ ತಳ ತೂತಾಗುತ್ತೆ. ನಮ್ ತಾತನ ಕಾಲದಲ್ಲಿ ಇದು ತಟ್ಟೆ ಥರ ಇತ್ತಂತೆ, ಈಗ ಬಾವಿ ಆಗೈತೆ."

ನಾನು ಎದ್ದು ಹೋದೆ. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

ಗುಂಡುಕಲ್ಲು ಪಕ್ಕದಲ್ಲಿತ್ತು. ಒರಳಿಗೆ ಇಳಿಸು ಎಂದೆ. ಇಳಿಸಿದ. ನಾನು ಮದುವೆಯಾಗಿ ಬಂದಾಗ ಗುಂಡಿನ ತಲೆ ಒರಳಿನ ಬಾಯಿಗಿಂತ ಒಂದು ಗೇಣು ಮೇಲೆ ನಿಲ್ಲುತ್ತಿತ್ತು. ಹಿಡಿದು ತಿರುಗಿಸಲು ನಾನು ತೋಳು ಎತ್ತಬೇಕಾಗಿತ್ತು. ಈಗ ಬೆರಳಿಗೆ ಸಿಗುವಷ್ಟು ಮಾತ್ರ ಮೇಲಿದೆ. ಇದು ನನ್ನ ಕಣ್ಣ ಮುಂದೆಯೇ ಆದದ್ದು. ವರ್ಷ ವರ್ಷ ಹೂರಣ ರುಬ್ಬುವಾಗ ಬೆನ್ನು ಹೆಚ್ಚು ಬಗ್ಗುತ್ತಿತ್ತು. ವಯಸ್ಸಾಯಿತು, ಅದಕ್ಕೆ ಬಗ್ಗುತ್ತಿದ್ದೇನೆ ಎಂದುಕೊಂಡಿದ್ದೆ.

ಇನ್ನೂ ನನಗೆ ಪೂರಾ ನಂಬಿಕೆ ಬರಲಿಲ್ಲ. ಒಳಗೆ ಹೋಗಿ ಅತ್ತೆಯ ಹಿತ್ತಾಳೆ ಸೇರು ತಂದೆ. ಹೊಸ ಸೊಸೆಯಾಗಿದ್ದಾಗ ಒರಳಿಗೆ ಎರಡು ಸೇರು ನೆನೆದ ಅಕ್ಕಿ ಒಟ್ಟಿಗೆ ಸುರಿದು ಅಂಗಳಕ್ಕೆಲ್ಲ ಚೆಲ್ಲಿದ್ದೆ. ಎರಡು ಸೇರು ಹಿಡಿಯುವ ಒರಳು ನಿಮ್ಮಪ್ಪನ ಮನೇಲಿರಬೇಕು ಎಂದು ಅತ್ತೆ ಊರಿಗೆಲ್ಲ ಕೇಳುವಂತೆ ಅಂದಿದ್ದರು. ಆ ಮಾತು ಮರೆಯುವಂಥದ್ದಲ್ಲ. ಈಗ ಗುಂಡು ತೆಗೆಸಿ ಅದೇ ಸೇರಿನಲ್ಲಿ ನೀರು ಸುರಿದೆ. ಎರಡು ಸೇರು ಹೋಯಿತು, ಒರಳಿಗೆ ಅರ್ಧವೂ ಬರಲಿಲ್ಲ. ಮತ್ತೆ ಸುರಿದೆ. ಮತ್ತೆ ಸುರಿದೆ. ಕಲ್ಲು ಕುಟ್ಟುವವನು ನನಗೇನೋ ಆಗಿದೆ ಎಂದು ಮಗಳನ್ನು ಕರೆದ.

ಮಗಳು ಬಂದು ನೋಡಿದಳು. ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಅವಳು ದಿನವೂ ಸವೆಯುವ ಕಲ್ಲಿನ ಜತೆ ಇರುವವಳು.

"ಕಲ್ಲೂ ಸವೆಯುತ್ತೆ ಕಣಮ್ಮ," ಎಂದಳು. "ಈ ಮನೇಲಿ ಸವೀದೇ ಇರೋದು ನೀನೊಬ್ಬಳೇ."

ಬಾಯಿ ಅಷ್ಟೇ ಇದೆ, ಹೊಟ್ಟೆ ದೊಡ್ಡದಾಗಿದೆ. ಇಷ್ಟೇ ವಿಷಯ. ಒರಳಿಗೆ ಮಳೆ ಬರುವುದು ಬಾಯಿಂದ. ಬಾಯಿ ಹಿಗ್ಗಿಲ್ಲ, ಅಂಚಿಗೆ ಯಾರೂ ಮುಳ್ಳು ಹಾಕುವುದಿಲ್ಲ. ಅತ್ತೆಯ ಕಾಲದ ಹೊಟ್ಟೆಗೆ ಚೆಲ್ಲುತ್ತಿದ್ದ ಮಳೆ ಇವತ್ತಿನ ಹೊಟ್ಟೆಗೆ ಬಿದ್ದರೆ ಅರ್ಧಕ್ಕೆ ಬಂದು ನಿಲ್ಲುತ್ತದೆ. ಒರಳು ಅಲ್ಲಾಡಿಲ್ಲ, ಬದಲಾಗಿಲ್ಲ ಎಂದು ನಾನು ಮೇಡಂಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುಳ್ಳು ಹಾಕಿಸುವುದು ನಮ್ಮವರಿಗೆ ಕುಡುಗೋಲು ಮಸೆದ ಹಾಗೆ. ಕುಡುಗೋಲು ಮಸೆದರೆ ಕುಡುಗೋಲು ಬದಲಾಯಿತು ಎಂದು ಯಾರು ಹೇಳುತ್ತಾರೆ? ಅವರಿಗೆ ಕೇಳಲು ತೋಚಲಿಲ್ಲ, ನಮಗೆ ಹೇಳಲು ತೋಚಲಿಲ್ಲ.

ಅವತ್ತು ಮಧ್ಯಾಹ್ನ ಊಟ ಮಾಡದೆ ಅಂಗಳದ ಮೆಟ್ಟಿಲ ಮೇಲೆ ಕುಳಿತೆ. ದುಃಖಕ್ಕಲ್ಲ. ಲೆಕ್ಕ ಹಿಂದಿನಿಂದ ಮತ್ತೆ ಮಾಡಬೇಕಾಗಿತ್ತು. ಮಗಳು ಗಂಡನ ಮನೆಯಿಂದ ಬಂದ ವರ್ಷ ಹಸ್ತ ಮಳೆ ಮುಕ್ಕಾಲೊರಳು. ನಾನು ಆಗ ಮುಖ ತಿರುಗಿಸಿದ್ದೆ, ಮುಕ್ಕಾಲೊರಳು ಏನು ಮಹಾ ಎಂದು. ಅತ್ತೆಯ ಒರಳಾಗಿದ್ದರೆ ಅದು ಚೆಲ್ಲಿ ಅಂಗಳ ಹರಿಯುತ್ತಿತ್ತು. ಕಾಯಿಲೆ ಬಂದು ಊರೆಲ್ಲ ಬಾಗಿಲು ಹಾಕಿಕೊಂಡ ಕಾಲದಲ್ಲಿ ಒಮ್ಮೆ ಮುಕ್ಕಾಲು, ಒಮ್ಮೆ ಮುಕ್ಕಾಲಿಗೂ ಮೇಲೆ. ಅದೂ ಚೆಲ್ಲೊರಳೇ. ಮೋರಿಗೆ ಪಕ್ಕದ ಮನೆಯವರ ಎಮ್ಮೆ ಬಿದ್ದ ವರ್ಷ, ಅದೂ. ಮಿಲ್ಲಿಗೆ ನುಗ್ಗಿದ ಹುಬ್ಬೆಯ ಮಳೆಯನ್ನು ಅತ್ತೆ ನೋಡಿದ್ದರೆ ಅದಕ್ಕೆ ಇಡಲು ಅವರ ಹತ್ತಿರ ಹೆಸರೇ ಇರಲಿಲ್ಲ. ಅವರ ಲೆಕ್ಕ ಚೆಲ್ಲೊರಳಿಗೆ ಮುಗಿಯುತ್ತಿತ್ತು. ಒಂದೊಂದಾಗಿ ನೆನೆಯುತ್ತಾ ಬಂದರೆ ಈಚಿನ ವರ್ಷಗಳೆಲ್ಲ ಚೆಲ್ಲೊರಳು ಮಳೆಯಿಂದ ತುಂಬಿಹೋಗಿದ್ದವು. ಅವೆಲ್ಲ ನನ್ನ ಕಣ್ಣ ಮುಂದೆಯೇ ಬಂದು ಹೋಗಿದ್ದವು, ನಾನೇ ಬಗ್ಗಿ ನೋಡಿದ್ದೆ, ನಾನೇ ಒರೆಸಿದ್ದೆ.

ಬೀದಿಯೆಲ್ಲ ಆ ಸೀರೆ ಉಟ್ಟಾಗಿತ್ತು. ನಾನೊಬ್ಬಳು ಅದನ್ನು ಬೇರೆ ಬಣ್ಣ ಎಂದು ಹೇಳುತ್ತಾ ಕುಳಿತಿದ್ದೆ.

ಮೋರಿ ಕಿರಿದಾಗಿದೆ ಎಂಬ ನನ್ನ ಮಾತಂತೂ ಸುಳ್ಳಾಗಲಿಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋರಿಯೂ ಕಿರಿದು, ಮಳೆಯೂ ಒಟ್ಟಿಗೆ ಬರುತ್ತದೆ. ಎರಡರಲ್ಲಿ ಒಂದು ಹಿಡಿದುಕೊಂಡು ಇನ್ನೊಂದನ್ನು ಬಿಟ್ಟವರು ಮುಳುಗುತ್ತಾರೆ. ಮೋರಿ ಅಗಲ ಮಾಡಿಸುವುದು ನನ್ನ ಕೈಯಲ್ಲಿಲ್ಲ. ಮೋಟಾರು ಎತ್ತುವುದು ನನ್ನ ಕೈಯಲ್ಲಿತ್ತು.

ಸಂಜೆ ಮಗಳ ಫೋನಿನಿಂದ ಮೇಡಂಗೆ ಮಾಡಿಸಿದೆ. ಮುಳ್ಳು ಹಾಕಿಸುವುದನ್ನು ಹೇಳಿದಾಗ ಅವರು ಮುಳ್ಳು ಅಂದರೇನು ಎಂದು ಎರಡು ಸಲ ಕೇಳಿದರು. ಆಮೇಲೆ ಜೋರಾಗಿ ನಕ್ಕರು, ನಾನೂ ನಕ್ಕೆ. ಎರಡು ವಾರದಿಂದ ತಮ್ಮ ಟೆರೇಸಿನ ಕೊಳವೆ ತೂತಾಗಿದೆಯೋ, ಹಳೇ ಅಂಕಿಗಳನ್ನು ಜೋಡಿಸುವಾಗ ತಪ್ಪಾಗಿದೆಯೋ ಎಂದು ಎಲ್ಲವನ್ನೂ ಬಿಚ್ಚಿ ನೋಡುತ್ತಿದ್ದರಂತೆ. ನಿಮ್ಮ ಒರಳನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲ ಅಜ್ಜಿ, ಯಾವ ವರ್ಷ ಎಷ್ಟು ಆಳ ಇತ್ತು ಎಂದು ಯಾರಿಗೂ ಗೊತ್ತಿಲ್ಲವಲ್ಲ ಎಂದರು. ಸೇರಿಸಿಕೊಳ್ಳಿ ಎಂದು ನಾನು ಕೇಳಿರಲಿಲ್ಲ. ನಾನು ಕೇಳಿದ್ದು ಒಂದೇ, ಚಿತ್ತೆ ಸ್ವಾತಿಯಲ್ಲಿ ಅಂಥ ಮಳೆ ಇನ್ನೊಂದು ಬರುತ್ತದೆಯೇ ಎಂದು.

"ಈ ವರ್ಷ ಬಂದೇ ಬರುತ್ತೆ ಅಂತ ನಾನು ಹೇಳಕ್ಕಾಗಲ್ಲ," ಎಂದರು. "ಆದ್ರೆ ಮೊದಲಿಗಿಂತ ಹೆಚ್ಚು ಸಲ ಬರ್ತಿದೆ. ಬರಲ್ಲ ಅಂತ ನಂಬ್ಕೊಂಡು ಮೋಟಾರ್ ಕೆಳಗಿಡೋ ಹಾಗಿಲ್ಲ."

ಇದಕ್ಕಿಂತ ನೆಟ್ಟಗೆ ಯಾರು ಹೇಳುತ್ತಾರೆ. ಜ್ಯೋತಿಷ್ಯದವನೂ ಹೇಳುವುದಿಲ್ಲ.

ಆಮೇಲೆ ನೀರು ಬಂತೋ ಇಲ್ಲವೋ ಎಂದು ಈಗಲೂ ಕೆಲವರು ಕೇಳುತ್ತಾರೆ, ಬರದಿದ್ದರೆ ನನ್ನನ್ನು ಆಡಿಕೊಳ್ಳೋಣ ಎಂದು. ಬಂತು. ಆ ವರ್ಷವಲ್ಲ, ಮುಂದೆ. ಕಟ್ಟೆಯ ಅರ್ಧಕ್ಕೆ ಬಂದು ನಿಂತು, ಮೋಟಾರನ್ನು ಮುಟ್ಟದೆ ಇಳಿದುಹೋಯಿತು. ಹಬ್ಬದಲ್ಲಿ ಪ್ಯಾಕೆಟ್ಟಿಗೆ ಹೋದವರಲ್ಲಿ ಕೆಲವರು ವಾಪಸ್ ಬರಲಿಲ್ಲ, ನಾನು ಹೇಳಿದ್ದಂತೆಯೇ. ಆ ವರ್ಷ ಆಯುಧಪೂಜೆಗೆ ಮೋಟಾರು ಮನೆಯೊಳಗೆ ನನ್ನ ಮಂಚದ ಮೇಲಿತ್ತು. ಅದಕ್ಕೇ ಹೂ ಹಾಕಿ, ಕುಂಕುಮ ಇಟ್ಟು, ಬಾಗಿಲಲ್ಲಿ ಕುಂಬಳಕಾಯಿ ಒಡೆದೆವು. ನಾನು ಚಾಪೆಯ ಮೇಲೆ ಮಲಗಿದೆ. ಗಾರ್ಮೆಂಟ್ಸಿನ ಬಸ್ಸು ಈಗಲೂ ಮನೆ ಮುಂದೆ ನಿಲ್ಲುತ್ತದೆ. ಅದರ ಹೆಂಗಸರು ಇಳಿದು ನಮ್ಮಲ್ಲಿ ರಾಗಿ ಕೊಟ್ಟು ಹೋಗುತ್ತಾರೆ.

ಆದರೆ ಅದೆಲ್ಲ ಆಮೇಲಿನದು. ಫೋನಿಟ್ಟ ಆ ಸಂಜೆ ಮುದ್ದೆ ತಿಂದು ಮಲಗಿದೆವು.

ಮಾರನೇ ದಿನ ಬೆಳಗ್ಗೆ ಅವಳು ಏಳುವ ಮೊದಲು ಎದ್ದು, ಮುಚ್ಚಳ ಕಳೆದುಹೋಗಿದ್ದ ಒಂದು ನೆಟ್ಟನೆಯ ಸ್ಟೀಲ್ ಡಬ್ಬವನ್ನು ಅಂಗಳದಲ್ಲಿ ಒರಳಿನ ಪಕ್ಕ ಎರಡು ಇಟ್ಟಿಗೆಯ ನಡುವೆ ಇಟ್ಟೆ. ಮಳೆಯ ಲೆಕ್ಕ ಇನ್ನು ಡಬ್ಬದ್ದು, ಹೂರಣದ ಕಲ್ಲು ಹೂರಣಕ್ಕೆ ಇರಲಿ. ಆಮೇಲೆ ಗಾರೆಯವನ ಮನೆಗೆ ನಡೆದುಹೋಗಿ ಹಲ್ಲುಜ್ಜುತ್ತಿದ್ದವನನ್ನು ಕರೆದುಕೊಂಡು ಬಂದು, ಮಿಲ್ಲಿನ ಗೋಡೆಯ ಮೇಲೆ ಕಟ್ಟೆ ಎಷ್ಟು ಎತ್ತರ ಬರಬೇಕೆಂದು ಇದ್ದಿಲಿನಲ್ಲಿ ಗೆರೆ ಎಳೆದೆ. ಅವನು ಇಷ್ಟೊಂದು ಯಾಕಜ್ಜಿ ಎಂದ. ಇನ್ನೊಂದು ಗೇಣು ಮೇಲೆ ಎಳೆದೆ. ಸೀಮೆಸುಣ್ಣ ತೆಗೆದುಕೊಂಡು, ನನಗೆ ಬರುವಷ್ಟು ಅಕ್ಷರದಲ್ಲಿ, ಶಟರಿನ ಮೇಲೆ ದೊಡ್ಡದಾಗಿ ಬರೆದೆ: ದೀಪಾವಳಿ ತನಕ ಮಿಲ್ಲು ಇಲ್ಲ.